ಒಂದು ಸಾತೆ ಕೇಳಿದೆ, 10 ಕಡ್ಡಿ ಬಂತು

ಏನೂ ಕಾಣಿಸುತ್ತಿಲ್ಲ ಅಲ್ವಾ? ಕ್ಯಾಮೆರಾ ಕೆಟ್ಟಿಲ್ಲ, ಅದು ಹೊಗೆ. ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾ ಊರು, ರಾತ್ರಿ ಎಂಟು ಗಂಟೆ. ಗಲ್ಲಿಯ ತಿರುವಿನಲ್ಲಿ ಸಾತೆ ಮಾರುವ ಒಂದು ತಳ್ಳುಗಾಡಿ. ಸಾತೆ ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ. ಹುಡುಕೋಕೆ ಮ್ಯಾಪ್ ಬೇಕಾಗಲಿಲ್ಲ, ಮೂಗೇ ಕರೆದುಕೊಂಡು ಬಂತು.

"ಸಾತೆ ಆಯಾಮ್, ಸಾತು, ಚಾಕ್" ಅಂದೆ. ಆಯಾಮ್ ಅಂದರೆ ಕೋಳಿ, ಸಾತು ಅಂದರೆ ಒಂದು. ಚಾಕ್ ಅನ್ನುವುದು ಪಕ್ಕದ ಮದುರಾ ದ್ವೀಪದ ಕಡೆಯವರನ್ನು ಕರೆಯುವ ರೀತಿ, ನಮ್ಮ 'ಅಣ್ಣಾ' ಇದ್ದ ಹಾಗೆ. ಒಂದು ಕಡ್ಡಿ ರುಚಿ ನೋಡೋಣ ಅಂತ ನನ್ನ ಲೆಕ್ಕ. ಅಣ್ಣ ಒಂದು ಹಿಡಿ ಕಡ್ಡಿ ಎತ್ತಿ ಕೆಂಡದ ಮೇಲಿಟ್ಟರು. ಎಣಿಸಿದೆ, 10. ಇಲ್ಲಿ ಒಂದು ಪ್ಲೇಟ್ ಅಂದರೆ ಸಾಮಾನ್ಯವಾಗಿ ಹತ್ತೇ!

ಈಗ ಅವರ ಕೈ ನೋಡಿ. ಗೇಣಗಲವೂ ಇಲ್ಲದ ಉದ್ದನೆಯ ತಗಡಿನ ಒಲೆ. ಬಲಗೈಯಲ್ಲಿ ಬಿದಿರಿನ ಬೀಸಣಿಗೆ, ಅದು ನಿಲ್ಲುವುದೇ ಇಲ್ಲ. ಮಾಂಸದ ತುಂಡು ಬೆರಳ ತುದಿಯಷ್ಟೇ, ನಡುನಡುವೆ ಚರ್ಮದ ತುಣುಕು. ಅರ್ಧ ಬೆಂದ ಮೇಲೆ ಇಡೀ ಕಟ್ಟನ್ನು ಒಂದು ಬಟ್ಟಲಿಗೆ ಅದ್ದುತ್ತಾರೆ. ಅದರಲ್ಲಿರುವುದು ಶೇಂಗಾ ಸಾಸ್ ಮತ್ತು ಕೆಚಾಪ್ ಮಾನಿಸ್. ಕೆಚಾಪ್ ಅಂದರೆ ಟೊಮೆಟೊ ಅಲ್ಲ, ತಾಳೆ ಬೆಲ್ಲ ಹಾಕಿದ ಸೋಯಾ ಸಾಸ್. ಥೇಟ್ ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ಮತ್ತೆ ಕೆಂಡದ ಮೇಲೆ ಇಟ್ಟರೆ ಬೆಲ್ಲ ಸುಟ್ಟು, ಕೊಬ್ಬು ತೊಟ್ಟಿಕ್ಕಿ, ಆಗಲೇ ನೀವು ನೋಡಿದ ಹೊಗೆ.

ತಟ್ಟೆಗೆ ಬಂದ ಮೇಲೆ ಇನ್ನೊಂದು ಸೌಟು ಶೇಂಗಾ ಸಾಸ್. ಜೊತೆಗೆ ಹಸಿ ಈರುಳ್ಳಿ, ಸಂಬಾಲ್ ಅನ್ನುವ ಮೆಣಸಿನಕಾಯಿ ಚಟ್ನಿ, ಹಿಂಡೋಕೆ ಪುಟ್ಟ ನಿಂಬೆ. ಲೊಂತೊಂಗ್ ಕೂಡ ಇದೆ. ಬಾಳೆ ಎಲೆಯಲ್ಲಿ ಒತ್ತಾಗಿ ಬೇಯಿಸಿದ ಅನ್ನ ಅದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಕೊಡುತ್ತಾರೆ.

ನಾನು ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ತಿಂದು ಬೆಳೆದವನು. ಶೇಂಗಾ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಹೇಳೋದು ಬೇಕಿಲ್ಲ ಅಂದುಕೊಂಡಿದ್ದೆ. ಆದರೆ ಇವರು ಶೇಂಗಾ ಕರಿದು, ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲ್ಲದ ಜೊತೆ ಅರೆದು, ಎಣ್ಣೆ ಬಿಡುವವರೆಗೆ ಕುದಿಸುತ್ತಾರೆ. ಮೊದಲು ಸಿಹಿ, ಆಮೇಲೆ ಖಾರ, ಕೊನೆಗೆ ಸುಟ್ಟ ವಾಸನೆ. ಸೋತೆ. ತಮಾಷೆ ಅಂದರೆ ಶೇಂಗಾ ನಮ್ಮದೂ ಅಲ್ಲ, ಇವರದೂ ಅಲ್ಲ. ದಕ್ಷಿಣ ಅಮೆರಿಕದ ಬೆಳೆ, ಯುರೋಪಿನವರ ಹಡಗು ಓಡಾಡಲು ಶುರುವಾದ ಮೇಲೆ ಈ ಕಡೆ ಬಂದದ್ದು.

ಈ ಗಾಡಿ ಅಣ್ಣನ ಮದುರಾ ಒಂದು ಒಣ ದ್ವೀಪ. ಸುಣ್ಣಕಲ್ಲಿನ ನೆಲ, ಸಮುದ್ರದ ಉಪ್ಪಿಗೆ ಹೆಸರುವಾಸಿ. ಜಾವಾದ ಸುರಬಾಯಾ ನಗರದಿಂದ ಅಲ್ಲಿಗೆ 5.4 ಕಿಲೋಮೀಟರ್ ಉದ್ದದ ಸೇತುವೆ ಆದದ್ದು 2009ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅಲ್ಲಿನ ಜನ ಕೆಲಸ ಹುಡುಕಿಕೊಂಡು ಹೊರಟರು, ಜೊತೆಗೆ ಸಾತೆ ಗಾಡಿಯೂ ಹೊರಟಿತು. ಸಾತೆ ಅಂದರೆ ಶೇಂಗಾ ಸಾಸ್ ಅಂತ ನಾವೆಲ್ಲ ಅಂದುಕೊಂಡಿರುವುದರಲ್ಲಿ ಇವರದೇ ಕೈ ಜಾಸ್ತಿ ಇರಬೇಕು.

ಯಾಕೆಂದರೆ ಎಲ್ಲ ಸಾತೆಯೂ ಹೀಗಿಲ್ಲ. ಸುಮಾತ್ರಾ ದ್ವೀಪದ ಪಾದಾಂಗ್ ಕಡೆಯದಕ್ಕೆ ಅಕ್ಕಿ ಹಿಟ್ಟು ಹಾಕಿದ ಮಸಾಲೆಯ ಗಟ್ಟಿ ಗೊಜ್ಜು, ಶೇಂಗಾ ಇಲ್ಲ. ಬಾಲಿಯಲ್ಲಿ ಅರೆದ ಮೀನಿಗೆ ಕಾಯಿತುರಿ ಕಲಸಿ ಕಡ್ಡಿಗೆ ಮೆತ್ತುತ್ತಾರೆ.

ಮಾರನೇ ದಿನ ಊರಿನ ದಕ್ಷಿಣಕ್ಕೆ, ಇಮೋಗಿರಿ ರಸ್ತೆಗೆ ಹೋದೆ. ಇಲ್ಲಿನ ಸಾತೆ ಕ್ಲತಕ್‌ಗೆ ಕುರಿಯೋ ಆಡೋ ಮಾಂಸ, ಹೆಚ್ಚುಕಡಿಮೆ ಬರೀ ಉಪ್ಪು, ಜೊತೆಗೆ ಒಂದು ಬಟ್ಟಲು ಸಾರು. ಕಡ್ಡಿ ಬಿದಿರಿನದಲ್ಲ, ಸೈಕಲ್ ಚಕ್ರದ ಕಡ್ಡಿ! ಕಬ್ಬಿಣ ಬಿಸಿಯನ್ನು ಮಾಂಸದ ಒಳಗೂ ಒಯ್ಯುತ್ತದೆ, ದಪ್ಪ ತುಂಡು ನಡುವಿನಲ್ಲೂ ಬೇಯುತ್ತದೆ. ಇಷ್ಟೆಲ್ಲ ನಿಮಗೆ ವಿವರಿಸುತ್ತಾ ನಾನು ಅದನ್ನು ಬರಿಗೈಯಲ್ಲಿ ಹಿಡಿದೆ.

ಇಲ್ಲಿಂದ ಮುಂದೆ ವಿಡಿಯೋ ಅಲ್ಲಾಡುತ್ತದೆ, ಸಹಿಸಿಕೊಳ್ಳಿ. ಬಲಗೈ ಬೆರಳು ಐಸ್ ಟೀ ಗ್ಲಾಸಿಗೆ ಒತ್ತಿಕೊಂಡು ಕೂತಿದೆ.