ಬಟ್ಟೆ ಮಡಚುವ ಭಾನುವಾರ, ಜೊತೆಗೊಂದು ಇಸೆಕಾಯ್

ಈ ಗುಡ್ಡ ನೋಡಿ. ಒಂದು ವಾರದ ಬಟ್ಟೆ. ಮಡಚೋಕೆ ಜೊತೆ ಬೇಕಲ್ವಾ, ಅದಕ್ಕೆ ಟಿವಿಯಲ್ಲಿ ಇಸೆಕಾಯ್ ಹಾಕಿದ್ದೇನೆ. ಇಸೆಕಾಯ್ ಅಂದರೆ ಬೇರೆ ಲೋಕ. ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಷನ್‌ನಲ್ಲಿ, ಇದೊಂದು ಬಗೆಯ ಕಥೆ. ಜಪಾನಿನ ಹುಡುಗ ಇಲ್ಲಿ ಸಾಯುತ್ತಾನೆ, ಅಲ್ಲಿ ಏಳುತ್ತಾನೆ. ಎಷ್ಟೋ ಸಲ ಲಾರಿ ಗುದ್ದಿರುತ್ತದೆ. ಆ ಲಾರಿಗೆ ಅಭಿಮಾನಿಗಳು ‘ಟ್ರಕ್-ಕುನ್’ ಅಂತ ಹೆಸರೇ ಇಟ್ಟಿದ್ದಾರೆ.

ಇದು 2017ರ ‘ಇನ್ ಅನದರ್ ವರ್ಲ್ಡ್ ವಿತ್ ಮೈ ಸ್ಮಾರ್ಟ್‌ಫೋನ್’. ಇದರಲ್ಲಿ ಲಾರಿ ಇಲ್ಲ, ಸಿಡಿಲು. ದೇವರೇ ಕೈತಪ್ಪಿ ಹಾಕಿದ್ದು! ಆಮೇಲೆ ಟೀ ಕೊಟ್ಟು ಕ್ಷಮೆ ಕೇಳುತ್ತಾನೆ. ಹುಡುಗನಿಗೆ ಸಿಟ್ಟೇ ಇಲ್ಲ. ಫೋನ್ ಅಲ್ಲೂ ನಡೆದರೆ ಸಾಕಂತೆ.

ಇಲ್ಲಿ ನನ್ನ ಮುಖ ನೋಡಿ. ಕಪ್ಪು ಕುರ್ತಾ ತುಂಬ ಬಿಳಿ ಚೂರು. ಜೀನ್ಸ್ ಜೇಬಿನಲ್ಲಿ ದರ್ಶಿನಿಯ ಟಿಶ್ಯೂ ಉಳಿದುಬಿಟ್ಟಿತ್ತು. ಹೋಟೆಲಲ್ಲಿ ಕೈ ಒರೆಸಿದರೆ ಒಂದು ಹನಿ ನೀರೂ ಹೀರಲ್ಲ. ಮಷೀನಿಗೆ ಬಿದ್ದರೆ ಮಾತ್ರ ಎಲ್ಲ ಬಟ್ಟೆಗೂ ಸಮನಾಗಿ ಹಂಚಿಕೊಳ್ಳುತ್ತದೆ. ಕೊಡವಿದೆ, ಹೋಗಲಿಲ್ಲ. ಒದ್ದೆ ಕೈಯಲ್ಲಿ ಸವರಿದೆ, ಇನ್ನೂ ಅಂಟಿತು. ಕೊನೆಗೆ ಗಮ್ ಟೇಪನ್ನು ಕೈಗೆ ಉಲ್ಟಾ ಸುತ್ತಿಕೊಂಡು ಒತ್ತಿ ಒತ್ತಿ ತೆಗೆದೆ. ಒಂದೇ ಕುರ್ತಾಕ್ಕೆ ಅರ್ಧ ಎಪಿಸೋಡ್ ಹೋಯಿತು. ಇನ್ನೂ ಐದು ಬಟ್ಟೆ ಇವೆ. ತಪ್ಪು ನನ್ನದೇ, ಆದರೂ ಬೈದದ್ದು ಟಿಶ್ಯೂಗೆ.

ತಲೆ ಎತ್ತಿ ನೋಡಿದರೆ ಕಥೆಯಲ್ಲಿ ನನಗೆ ಏನೂ ತಪ್ಪಿಹೋಗಿಲ್ಲ. ಅದೇ ನನಗಿಷ್ಟ. ಒಳ್ಳೆ ಅನಿಮೆ ಹಾಕಿದರೆ ಬಟ್ಟೆ ಹಾಗೇ ಉಳಿಯುತ್ತದೆ.

ಅಮ್ಮ ಹಿಂದೆ ನಿಂತು, “ಏನೇ ಇದು, ಬಾಯೊಂದು ಬಿಟ್ಟು ಇನ್ನೇನೂ ಅಲ್ಲಾಡಲ್ವಲ್ಲ?” ಅಂದರು. ನಾನು ಶುರು ಮಾಡಿದೆ. ಸೆಕೆಂಡಿಗೆ 24 ಫ್ರೇಮ್ ಅಮ್ಮ, ಒಂದೊಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದಿಟ್ಟರೆ 8 ಚಿತ್ರದಲ್ಲಿ ಮುಗಿಯುತ್ತದೆ, ದುಡ್ಡು ಉಳಿಯುತ್ತದೆ ಅಂತ. ಅವರು ಆಗಲೇ ಅಡುಗೆಮನೆಗೆ ಹೋಗಿದ್ದರು.

ಇಂಥ ಅನಿಮೆಯನ್ನು ಸೋಮಾರಿತನ ಅಂತ ನಾನೂ ಬೈಯುತ್ತಿದ್ದೆ. ಈಗ ಇಲ್ಲ. ಇಂಥ ಎಷ್ಟೋ ಕಥೆ ಶುರುವಾಗಿದ್ದು ‘ಶೋಸೆತ್ಸುಕ ನಿ ನಾರೋ’ ಅನ್ನೋ ತಾಣದಲ್ಲಿ. ‘ಕಾದಂಬರಿಕಾರರಾಗೋಣ’ ಅಂತ ಅರ್ಥ. 2004ರಿಂದ ಇದೆ, ಯಾರು ಬೇಕಾದರೂ ಬರೆದು ಹಾಕಬಹುದು. ಓದುಗರು ಸೇರಿದರೆ ಪುಸ್ತಕ, ಆಮೇಲೆ ಮಂಗಾ (ಜಪಾನಿನ ಕಾಮಿಕ್ಸ್), ಅನಿಮೆ. ಮಾರಾಟ ಯಂತ್ರವಾಗಿ ಹುಟ್ಟಿದವನ ಕಥೆಯೂ 2023ರಲ್ಲಿ ಅನಿಮೆ ಆಯಿತು. ನಡೆಯೋಕಾಗಲ್ಲ, ಒಬ್ಬಳು ಹುಡುಗಿ ಬೆನ್ನ ಮೇಲೆ ಹೊತ್ತು ತಿರುಗುತ್ತಾಳೆ! ಅದು ಮಾತ್ರ ನಿಜಕ್ಕೂ ಚೆನ್ನಾಗಿದೆ. ಅಂದರೆ… ಮೊದಲ ಮೂರು ಎಪಿಸೋಡ್.

ಅಯ್ಯೋ, ಬಟ್ಟೆ ಮುಗಿದೇಹೋಯಿತು. ಸ್ಮಾರ್ಟ್‌ಫೋನ್ ಹುಡುಗನ ಎರಡನೇ ಸೀಸನ್ ಇಸ್ತ್ರಿ ಮಾಡುವ ದಿನಕ್ಕೆ ಇಟ್ಟಿದ್ದೇನೆ.