ವಾರಕ್ಕೆ ಅರ್ಧ ಕೆಜಿ ಸಾಕು

(ದಾವಣಗೆರೆಯ ಬಡಾವಣೆಯೊಂದರಲ್ಲಿ ಭಾನುವಾರ ಸಂಜೆ ನಿವಾಸಿಗಳ ಮುಂದೆ ಆಹಾರ ತಜ್ಞೆಯೊಬ್ಬರು ಮಾಡಿದ ಉಪನ್ಯಾಸ)

ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ. ರಜೆ ದಿನ ಬಿಡುವು ಮಾಡಿಕೊಂಡು ಬಂದಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ನಮ್ಮ ಊರಲ್ಲಿ ತೂಕದ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ, "ಮೇಡಂ, ಬೆಣ್ಣೆ ದೋಸೆ ಬಿಡಬೇಕಾ?" ಬೇಡ. ವಾರಕ್ಕೊಮ್ಮೆ ಮನೆಯವರ ಜೊತೆ ಹೋಗಿ ಒಂದು ದೋಸೆ ತಿಂದು ಬಂದರೆ ಯಾರಿಗೂ ಹೊಟ್ಟೆ ಬರುವುದಿಲ್ಲ. ಉಳಿದ ಆರು ದಿನ ಗಮನವಿಲ್ಲದೆ ತಿನ್ನುವುದರಿಂದ, ಕೂತಲ್ಲೇ ಕೂರುವುದರಿಂದ ಬರುತ್ತದೆ. ನಾನು ಇವತ್ತು ಮಾತಾಡುವುದು ಆ ಆರು ದಿನದ ಬಗ್ಗೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಹತ್ತಿ ಮಿಲ್‌ನಲ್ಲಿ ಪಾಳಿ ಪೂರ್ತಿ ನಿಂತು ದುಡಿದವರ ಮನೆಗಳು ಇಲ್ಲಿವೆ. ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಾಕಿ, ಕಳೆ ಕಿತ್ತವರ ಮನೆಗಳೂ ಇವೆ. ಅವರು ತಟ್ಟೆ ತುಂಬ ಅನ್ನ ಉಂಡರು. ರೊಟ್ಟಿ ಮೇಲೆ ಬೆಣ್ಣೆ ಇಟ್ಟುಕೊಂಡರು. ಎಲ್ಲವೂ ಕೆಲಸದಲ್ಲೇ ಕರಗಿತು. ಈಗ ಮಂಡಿಪೇಟೆಯ ಅಂಗಡಿಯಲ್ಲಿ ಗಲ್ಲಾದ ಮುಂದೆ ಬೆಳಗ್ಗೆಯಿಂದ ರಾತ್ರಿ ತನಕ ಕೂರುತ್ತೇವೆ. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇವೆ. ಹಾಲಿನ ಪ್ಯಾಕೆಟ್ ತರಲು ಮುಂದಿನ ತಿರುವಿಗೂ ಸ್ಕೂಟರ್ ತೆಗೆಯುತ್ತೇವೆ. ಊಟದ ಅಳತೆ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ.

ಹಾಗಾಗಿ ದಪ್ಪಗಿರುವವರನ್ನು ಸೋಮಾರಿ ಅನ್ನಬೇಡಿ. ಮದುವೆ ಮನೆಯಲ್ಲಿ ಎಲ್ಲರ ಎದುರು "ಏನವ್ವ, ಹಿಂಗಾಗಿಬಿಟ್ಟೀಯಲ್ಲ" ಅನ್ನುವವರಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅನ್ನಿಸಿಕೊಂಡ ಹುಡುಗಿ ಮರುದಿನದಿಂದಲೇ ಊಟ ಬಿಡುತ್ತಾಳೆ.

ಊಟ ಬಿಟ್ಟರೆ ಮೊದಲ ವಾರ ಎರಡು-ಮೂರು ಕೆಜಿ ಇಳಿದುಬಿಡಬಹುದು. ಅದರಲ್ಲಿ ಬಹುಪಾಲು ನೀರು. ನಮ್ಮ ದೇಹ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜನ್ ಅಂತ ಒಂದಿಷ್ಟು ಸಕ್ಕರೆ ಅಂಶ ಕೂಡಿಟ್ಟಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಊಟ ನಿಲ್ಲಿಸಿದ ಕೂಡಲೇ ಇದು ಖಾಲಿಯಾಗುತ್ತದೆ, ನೀರು ಹೊರಗೆ ಹೋಗುತ್ತದೆ. ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ. ಹಾಗೇ ಮುಂದುವರಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕೂದಲು ಉದುರುತ್ತದೆ. ತೂಕ ತೀರಾ ಬೇಗ ಇಳಿಸಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲಾಗುವುದು ಜಾಸ್ತಿ. ಇದನ್ನು ವೈದ್ಯರು ಬಹಳ ಕಾಲದಿಂದ ಬಲ್ಲರು.

ಇನ್ನೊಂದು ತೊಂದರೆ ಇದೆ. ಅಮೆರಿಕದ ಟೀವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ಬರುತ್ತಿತ್ತು. ಅದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ವಿಜ್ಞಾನಿಗಳು ಪರೀಕ್ಷಿಸಿದರು. ಆ ವರದಿ 2016ರಲ್ಲಿ ಪ್ರಕಟವಾಯಿತು. ಬಹಳಷ್ಟು ಜನರಿಗೆ ಕಳೆದುಕೊಂಡ ತೂಕದ ದೊಡ್ಡ ಪಾಲು ವಾಪಸ್ ಬಂದಿತ್ತು. ಅಷ್ಟೇ ಅಲ್ಲ, ಸುಮ್ನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುವ ಶಕ್ತಿ, ಅವರ ಮೈಗೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಾಗಿತ್ತು. ಬರಗಾಲ ಬಂದಿದೆ ಅಂದುಕೊಂಡು ದೇಹ ಕೈ ಬಿಗಿ ಹಿಡಿದಿತ್ತು. ಅಂಥವರು ಮೊದಲಿನಷ್ಟೇ ತಿಂದರೂ ದಪ್ಪವಾಗುತ್ತಾರೆ. ಯಾರ ಮನಸ್ಸಿಗಾದರೂ ಎಷ್ಟು ಬೇಸರವಾಗಬೇಡ?

ಅದಕ್ಕೇ ನಾನು ಹೇಳುವುದು, ವಾರಕ್ಕೆ ಅರ್ಧ ಕೆಜಿ ಸಾಕು. ಕಾಲು ಕೆಜಿ ಇಳಿದರೂ ಸಂತೋಷ. ಎಷ್ಟು ಇಳಿಸಬೇಕು ಅಂತ ಕೇಳಿದರೆ ಅದಕ್ಕೂ ಉತ್ತರ ಇದೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡದೊಂದು ಅಧ್ಯಯನ ನಡೆಯಿತು. ಫಲಿತಾಂಶ 2002ರಲ್ಲಿ ಬಂತು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ. ಇರುವ ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ 31ರಷ್ಟು ಮಾತ್ರ. 80 ಕೆಜಿ ಇರುವವರಿಗೆ ನೂರಕ್ಕೆ 7 ಅಂದರೆ ಐದೂವರೆ ಕೆಜಿ. ಅಷ್ಟೇ. ಮದುವೆ ಫೋಟೋದಲ್ಲಿ ಇದ್ದ ಹಾಗೆ ಆಗಬೇಕಿಲ್ಲ. ಚೆನ್ನೈನಲ್ಲೂ ನಮ್ಮ ಜನರ ಮೇಲೆ ಇಂಥದ್ದೇ ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಅಲ್ಲಿ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಊಟ ಸರಿಮಾಡಿಕೊಂಡು ನಡೆದವರಲ್ಲಿ ಕಾಯಿಲೆಯ ಅಪಾಯ ನೂರಕ್ಕೆ 28ಕ್ಕಿಂತ ಹೆಚ್ಚು ತಗ್ಗಿತು. ಮುಳ್ಳು ಅಲ್ಲಾಡಲಿಲ್ಲ ಅಂತ ವಾಕಿಂಗ್ ನಿಲ್ಲಿಸುವವರಿಗೆ ನಾನು ಯಾವಾಗಲೂ ಈ ಮಾತು ಹೇಳುತ್ತೇನೆ.

ಈಗ ಲೆಕ್ಕಕ್ಕೆ ಬನ್ನಿ. ಮೈಯಲ್ಲಿರುವ ಒಂದು ಕೆಜಿ ಕೊಬ್ಬಿನಲ್ಲಿ ಅಂದಾಜು 7,700 ಕ್ಯಾಲರಿ ಇರುತ್ತದೆ. ವಾರಕ್ಕೆ ಅರ್ಧ ಕೆಜಿ ಅಂದರೆ ದಿನಕ್ಕೆ ಸುಮಾರು 550 ಕ್ಯಾಲರಿ ಕಡಿಮೆಯಾಗಬೇಕು. ಅದು ಎಲ್ಲಿಂದ ಬರಬೇಕು?

ಅಡುಗೆಮನೆಯ ಎಣ್ಣೆಯಿಂದ ಶುರು ಮಾಡಿ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ, 910 ಗ್ರಾಂ ಅಂತ ಬರೆದಿರುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ. ಅಂದರೆ ಒಂದು ಪ್ಯಾಕೆಟ್‌ನಲ್ಲಿ 8,000ಕ್ಕೂ ಹೆಚ್ಚು. ಒಂದು ಕೆಜಿ ಕೊಬ್ಬಿಗಿಂತಲೂ ಜಾಸ್ತಿ! ಸೂರ್ಯಕಾಂತಿ ಎಣ್ಣೆಯಾದರೂ ಅಷ್ಟೇ, ಗಾಣದ ಶೇಂಗಾ ಎಣ್ಣೆಯಾದರೂ ಅಷ್ಟೇ. ಗಾಣದ್ದು ತೂಕ ಏರಿಸುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಇದೆ. ಅದು ನಿಜವಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಬರುತ್ತದೆ ಅಂತ ನಿಮ್ಮ ಕಿರಾಣಿ ಚೀಟಿ ನೋಡಿ. ಒಬ್ಬರಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಐದು ಪ್ಯಾಕೆಟ್ ಬರುವ ಮನೆಯಲ್ಲಿ ಅದನ್ನು ಮೂರಕ್ಕೆ ಇಳಿಸಬಹುದು. ಕ್ಯಾನಿಂದ ಸೀದಾ ಬಾಣಲೆಗೆ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ. ಎಣ್ಣೆಗಾಯಿ ಮಾಡುವ ದಿನ ಮಾಡಿ, ಆದರೆ ದಿನಾ ಪಲ್ಯ ಎಣ್ಣೆಯಲ್ಲಿ ತೇಲಬೇಕಿಲ್ಲ. ಮನೆಯವರೆಲ್ಲರ ಆರೋಗ್ಯ ಒಟ್ಟಿಗೇ ಸುಧಾರಿಸುವ ಜಾಗ ಇದು. ಅದಕ್ಕೇ ಇಷ್ಟು ಹೊತ್ತು ಇದನ್ನೇ ಹೇಳಿದೆ.

ಟೀ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಚಮಚ ಸಕ್ಕರೆಗೆ 20 ಕ್ಯಾಲರಿ. ಬೈ-ಟು ಟೀ ಚಿಕ್ಕದು ಅಂತ ದಿನಕ್ಕೆ ಐದಾರು ಸಲ ಕುಡಿಯುವ ಅಂಗಡಿಯವರು ನಮ್ಮಲ್ಲಿ ಎಷ್ಟೋ ಜನ. ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಮಾಡಿ.

ಸಂಜೆಯ ಮಂಡಕ್ಕಿ ಬಿಡಬೇಕಿಲ್ಲ. ಮಂಡಕ್ಕಿ ಹಗುರ, ಒಂದು ಬಟ್ಟಲು ತಿಂದರೂ ಕ್ಯಾಲರಿ ಕಡಿಮೆ. ಅದಕ್ಕೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ನಿಂಬೆಹಣ್ಣು ಹಾಕಿಕೊಂಡರೆ ಒಳ್ಳೆಯ ತಿಂಡಿಯೇ. ತೊಂದರೆ ಪಕ್ಕದಲ್ಲಿಡುವ ಮೆಣಸಿನಕಾಯಿ ಬಜ್ಜಿಯದ್ದು. ಕಡಲೆ ಹಿಟ್ಟು ಎಣ್ಣೆ ಹೀರಿಕೊಂಡಿರುತ್ತದೆ. ಮೂರು ತಿನ್ನುವಲ್ಲಿ ಒಂದು ತಿನ್ನಿ. ಶೇಂಗಾವನ್ನೂ ಮುಷ್ಟಿಯಲ್ಲಿ ಅಳೆದು ತಿನ್ನಿ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ತಂದ ಕಾಳು ಅದು. ಒಂದು ಮುಷ್ಟಿಗೇ 170 ಕ್ಯಾಲರಿ ಹತ್ತಿರ ಬರುತ್ತದೆ.

ಸಿರಿಧಾನ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಗಿತ್ತು. ಅದಕ್ಕೂ ಎಷ್ಟೋ ಮೊದಲಿಂದ ಹೊಸದುರ್ಗದ ಕಡೆ ಸಾಮೆ, ನವಣೆ ಬೆಳೆದು ಉಂಡವರು ನಮ್ಮ ಜನ. ಅವು ಒಳ್ಳೆಯವು, ಧಾರಾಳವಾಗಿ ತಿನ್ನಿ. ಆದರೆ 100 ಗ್ರಾಂ ಅಕ್ಕಿಯಲ್ಲಿ 350 ಕ್ಯಾಲರಿಯಷ್ಟಿದ್ದರೆ ರಾಗಿಯಲ್ಲಿ 320ರಷ್ಟಿದೆ. ವ್ಯತ್ಯಾಸ ದೊಡ್ಡದಲ್ಲ. ಲಾಭ ನಾರಿನದ್ದು. ನಾರು ಜಾಸ್ತಿ ಇರುವುದರಿಂದ ಬೇಗ ಹೊಟ್ಟೆ ತುಂಬುತ್ತದೆ. ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ರಾಗಿ ಏನು ಮಾಡೀತು? ಜೋಳದ ರೊಟ್ಟಿ ನನಗೆ ಬಹಳ ಇಷ್ಟ, ಯಾಕೆಂದರೆ ಬೇಯಿಸಲು ಎಣ್ಣೆಯೇ ಬೇಡ. ಎರಡು ರೊಟ್ಟಿ, ಕಾಳು ಪಲ್ಯ, ಪಕ್ಕಕ್ಕೆ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಮೂಲಂಗಿ, ಒಂದು ಬಟ್ಟಲು ಮಜ್ಜಿಗೆ. ಇದಕ್ಕಿಂತ ಒಳ್ಳೆಯ ಡಯಟ್ ಚಾರ್ಟ್ ನನ್ನ ಹತ್ತಿರ ಇಲ್ಲ. ಅನ್ನ ಬೇಕೇ ಬೇಕು ಅನ್ನುವವರು ಪಲ್ಯ, ಕಾಳು ಮೊದಲು ಉಂಡು ಅನ್ನ ಕೊನೆಗೆ ಹಾಕಿಸಿಕೊಳ್ಳಿ. ತಾನಾಗಿ ಕಡಿಮೆಯಾಗುತ್ತದೆ.

ಕಾಳಿನ ಮೇಲೆ ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ? ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು. 60 ಕೆಜಿ ಇರುವವರಿಗೆ ದಿನಕ್ಕೆ 50 ಗ್ರಾಂ ಆದರೂ ಸೇರಬೇಕು. ತಿಳಿ ಸಾರಿನಲ್ಲಿ ಅದು ಸಿಗುವುದಿಲ್ಲ. ಹೆಸರು, ಹುರುಳಿ, ಮಡಿಕೆ, ಅಲಸಂದೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ಎರಡು ಹೊತ್ತೂ ತಟ್ಟೆಯಲ್ಲಿ ಇರಲಿ.

"ಒಪ್ಪತ್ತು ಮಾಡ್ತೀನಿ ಮೇಡಂ, ಆದ್ರೂ ಇಳಿಯಲ್ಲ" ಅನ್ನುವ ಅಮ್ಮಂದಿರು ಇದ್ದಾರೆ. ದೇವರಿಗೆ ಮಾಡುವ ಒಪ್ಪತ್ತು ಮಾಡಿ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಸಬ್ಬಕ್ಕಿ, ಕರಿದ ಅವಲಕ್ಕಿ, ಬಾಳೆಹಣ್ಣು, ಮೂರು ಲೋಟ ಹಾಲು ಸೇರಿದರೆ ಅದು ದಿನದ ಊಟಕ್ಕಿಂತ ಜಾಸ್ತಿಯೇ ಆಗುತ್ತದೆ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬೇಡಿ. ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳುತ್ತೀರಿ.

ಇನ್ನು ನಡಿಗೆ. ಊಟ ಸರಿಯಾದರೆ ತೂಕ ಇಳಿಯುತ್ತದೆ, ಇಳಿದದ್ದು ಹಾಗೇ ನಿಲ್ಲಬೇಕಾದರೆ ನಡಿಗೆ ಬೇಕು. ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250 ಕ್ಯಾಲರಿ ಖರ್ಚು. ವಾಕಿಂಗ್ ಮುಗಿಸಿ ದಾರಿಯಲ್ಲಿ ಎರಡು ಇಡ್ಲಿ-ವಡೆ ತಿಂದರೆ ಅದು ಅಲ್ಲಿಗೇ ಸರಿಹೋಯಿತು. ಕುಂದವಾಡ ಕೆರೆ ಏರಿ, ಗಾಜಿನ ಮನೆಯ ಸುತ್ತ, ಹೈಸ್ಕೂಲ್ ಮೈದಾನ, ನಮಗೆ ಜಾಗಕ್ಕೆ ಕೊರತೆ ಇಲ್ಲ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮೊದಲ ವಾರ 15 ನಿಮಿಷ. ಆಮೇಲೆ ವಾರಕ್ಕೆ ಐದು ನಿಮಿಷ ಏರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಮುಗಿಸಿ, ನಮ್ಮ ಬಿಸಿಲು ನಿಮಗೇ ಗೊತ್ತು. ಹುರುಪಿನಲ್ಲಿ ಮೊದಲ ದಿನವೇ ಚಿತ್ರದುರ್ಗದ ಕೋಟೆ ಹತ್ತಲು ಹೋಗಿ ಮಂಡಿ ನೋವು ಮಾಡಿಕೊಳ್ಳಬೇಡಿ. ಕೋಟೆ ಆರು ತಿಂಗಳ ನಂತರಕ್ಕಿರಲಿ. ಬೆಳಗ್ಗೆ ಮನೆ ಬಿಟ್ಟು ಹೊರಡಲು ಆಗದ ಹೆಣ್ಣುಮಕ್ಕಳು ಮೂರು ಹೊತ್ತು ಊಟವಾದ ಮೇಲೆ ಹತ್ತು-ಹತ್ತು ನಿಮಿಷ ಮಹಡಿ ಮೇಲೆ ನಡೆಯಿರಿ. ಊಟದ ನಂತರದ ನಡಿಗೆ ರಕ್ತದ ಸಕ್ಕರೆಗೆ ಬಹಳ ಒಳ್ಳೆಯದು. ಮನೆಯ ಗಂಡಸರಿಗೂ ಒಂದು ಮಾತು. ನಿಮ್ಮ ಹೆಂಡತಿ ನಡೆಯಲು ಹೋದ ಅರ್ಧ ಗಂಟೆ ಮಕ್ಕಳ ಡಬ್ಬಿ ನೀವು ತುಂಬಿಸಿ.

ನಡಿಗೆ ಒಂದೇ ಸಾಲದು. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಇದಕ್ಕೆ ಜಿಮ್ ಫೀಸ್ ಕಟ್ಟಲೇಬೇಕು ಅಂತಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರು ನಮ್ಮದು. ಗರಡಿ ಮನೆಯ ಬಸ್ಕಿ ನಮಗೆ ಹೊಸದಲ್ಲ. ವಯಸ್ಸಾದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಿ, ಹತ್ತು ಸಲ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ. 50 ದಾಟಿದವರಿಗೆ ಇದು ನಡಿಗೆಯಷ್ಟೇ ಮುಖ್ಯ ಅಂತ ನನ್ನ ಅಭಿಪ್ರಾಯ. ತೂಕ ಇಳಿದು ಕಾಲಿನ ಬಲವೂ ಹೋದರೆ ಏನು ಪ್ರಯೋಜನ, ಅಲ್ವಾ?

ಎರಡು-ಮೂರು ತಿಂಗಳಾದ ಮೇಲೆ ಮುಳ್ಳು ಒಂದೇ ಕಡೆ ನಿಲ್ಲುತ್ತದೆ. ಎಲ್ಲರಿಗೂ ಹೀಗೇ. ಮೈ ಹಗುರವಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಆಗ ಊಟ ಇನ್ನೂ ಕತ್ತರಿಸಬೇಡಿ. ಹತ್ತು ನಿಮಿಷ ನಡಿಗೆ ಏರಿಸಿ, ನಿದ್ದೆ ಏಳು ಗಂಟೆ ಆಗುತ್ತಿದೆಯಾ ನೋಡಿಕೊಳ್ಳಿ. ನಿದ್ದೆ ಕೆಟ್ಟರೆ ಹಸಿವು ಏರುತ್ತದೆ. ದಿನಾ ತೂಕ ನೋಡಬೇಡಿ. ವಾರಕ್ಕೊಮ್ಮೆ, ಬೆಳಗ್ಗೆ, ಬರಿಹೊಟ್ಟೆಯಲ್ಲಿ ನೋಡಿದರೆ ಸಾಕು. ಅದಕ್ಕಿಂತ ಟೇಪ್ ನಂಬಿ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು. ನೋಡಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದವರಿಗೂ ಇದು ಅನ್ವಯಿಸುತ್ತದೆ.

ಈಚೆಗೆ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಬಹಳ ಜನ ಕೇಳುತ್ತಾರೆ. 2025ರಿಂದ ನಮ್ಮ ದೇಶದಲ್ಲೂ ಹೊಸ ಔಷಧಿಗಳು ಸಿಗುತ್ತಿವೆ. ತೀರಾ ಬೊಜ್ಜಿದ್ದವರಿಗೆ, ಶುಗರ್ ಇದ್ದವರಿಗೆ ಅವು ನಿಜಕ್ಕೂ ಉಪಯೋಗವಾಗುತ್ತವೆ. ಅದನ್ನು ವೈದ್ಯರು ನೋಡಿ ಬರೆಯಬೇಕು. ಆದರೆ ಅಂಥ ಔಷಧಿಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲೇ ವಾಪಸ್ ಬಂದದ್ದು ಅಧ್ಯಯನದಲ್ಲಿ ಕಂಡಿದೆ. ಹೆಸರಿಲ್ಲದ ಪುಡಿ, ಕಷಾಯಗಳನ್ನು ಮೊಬೈಲ್ ನೋಡಿ ತರಿಸಬೇಡಿ. ಇನ್ನೊಂದು ವಿಷಯ, ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ. ಶುಗರ್, ಥೈರಾಯ್ಡ್, ಟಿಬಿ ಪರೀಕ್ಷೆ ಮಾಡಿಸಿ.

ಮೇಜಿನ ಮೇಲೆ ಅಳತೆ ಟೇಪ್ ಇದೆ, ಸಣ್ಣ ಚೀಟಿಗಳೂ ಇವೆ. ಹೆಂಗಸರಿಗೆ ಒಳಗಿನ ಕೋಣೆಯಲ್ಲಿ ವ್ಯವಸ್ಥೆ ಮಾಡಿದ್ದೇವೆ. ಹೋಗುವ ಮುಂಚೆ ಸೊಂಟದ ಅಳತೆ ಬರೆಸಿಕೊಂಡು ಹೋಗಿ, ಚೀಟಿಯನ್ನು ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿ ಹತ್ತಿರವೇ ಅಂಟಿಸಿ. ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದೆ ಕೂತಿರುವ ಅಜ್ಜಿ ಆಗಿನಿಂದ ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.