ಕಾರಿನ ಜಿಪಿಎಸ್‌ಗೆ ರೀಚಾರ್ಜಬಲ್ ಸೆಲ್: ಎಂಎಎಚ್ ಒಂದನ್ನೇ ನೋಡಿ ತಗೋಬೇಡಿ

ಎಲ್ಲರಿಗೂ ನಮಸ್ಕಾರ. ಡ್ಯಾಶ್‌ಬೋರ್ಡ್ ಮೇಲೆ ಕೂತಿರೋ ಈ ಪುಟ್ಟ ಡಬ್ಬಿ ಗಾರ್ಮಿನ್ ಕಂಪನಿಯ ಜಿಪಿಎಸ್, ಹೆಸರು ಇಟ್ರೆಕ್ಸ್ 22ಎಕ್ಸ್. ಕಾರಲ್ಲಿ ದಾರಿ ತೋರಿಸುತ್ತೆ. ಗಾಡಿ ನಿಲ್ಲಿಸಿ ಕುಮಾರಪರ್ವತ ಹತ್ತೋಕೆ ಹೊರಟರೆ ಸ್ಟ್ಯಾಂಡಿಂದ ಬಿಚ್ಚಿಕೊಂಡು ಕೈಯಲ್ಲಿ ಹಿಡಿದು ನಡೀಬಹುದು. ಇದರೊಳಗೆ ಹೋಗೋದು ಎರಡು ಎಎ ಸೆಲ್, ಅಂಗಡೀಲಿ ನಾವು ಪೆನ್ಸಿಲ್ ಸೆಲ್ ಅಂತ ಕೇಳೋದು. ಇದಕ್ಕೆ ರೀಚಾರ್ಜಬಲ್ ಸೆಲ್ ಹಾಕೋದಾದ್ರೆ ಯಾವುದು ಹಾಕಬೇಕು, ಹಾಕಿದ ಮೇಲೂ ಯಾಕೆ ಅರ್ಧ ದಾರೀಲಿ ಆಫ್ ಆಗುತ್ತೆ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು ವೋಲ್ಟೇಜ್. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್‌ಗಿಂತ ತುಸು ಮೇಲಿಂದ ಶುರುವಾಗಿ, ಬಳಸ್ತಾ ಬಳಸ್ತಾ ಒಂದೇ ಸಮ ಇಳೀತಾ ಹೋಗುತ್ತೆ. ನಿಕೆಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್‌ದು ಬೇರೆ ನಡತೆ. ಪೂರ್ತಿ ಚಾರ್ಜ್ ಆದಾಗ ಸುಮಾರು 1.4 ವೋಲ್ಟ್, ಬೇಗನೆ 1.2ರ ಆಸುಪಾಸಿಗೆ ಬಂದು, ಕೊನೇವರೆಗೂ ಅಲ್ಲೇ ನಿಂತಿರುತ್ತೆ, ಆಮೇಲೆ ಒಮ್ಮೆಗೇ ಕುಸಿಯುತ್ತೆ. 1.2 ಅಂದ್ರೆ ಕಮ್ಮಿ ಆಯ್ತಲ್ಲ ಅಂತ ಹಿಂಜರಿಯೋದು ಬೇಡ. ಆಲ್ಕಲೈನ್ ಸೆಲ್ ಕೂಡ ತನ್ನ ಆಯಸ್ಸಿನ ಅರ್ಧಭಾಗ 1.2ರ ಹತ್ತಿರ ಇಲ್ಲಾ ಕೆಳಗೇ ಕಳೆಯುತ್ತೆ. ಜಿಪಿಎಸ್‌ನ ಒಳಗಿನ ಸರ್ಕ್ಯೂಟ್ ಅದಕ್ಕೆ ತಕ್ಕ ಹಾಗೇ ಮಾಡಿರ್ತಾರೆ.

ಆದರೆ ಸಾಧನಕ್ಕೆ ನೀವು ಯಾವ ಸೆಲ್ ಹಾಕಿದ್ದೀರಿ ಅಂತ ಹೇಳಲೇಬೇಕು. ಸೆಟಪ್ ಒಳಗೆ ಸಿಸ್ಟಮ್, ಅದರಲ್ಲಿ ಬ್ಯಾಟರಿ ಟೈಪ್. ಆಲ್ಕಲೈನ್, ಲಿಥಿಯಂ, ನಿಕೆಲ್ ಮೆಟಲ್ ಹೈಡ್ರೈಡ್ ಅಂತ ಇರುತ್ತೆ, ಪ್ರೀಚಾರ್ಜ್ಡ್ ನಿಕೆಲ್ ಅಂತ ಇನ್ನೊಂದು ಆಯ್ಕೆಯೂ ಇರುತ್ತೆ. ಆಲ್ಕಲೈನ್ ಅಂತ ಬಿಟ್ಟು ನಿಕೆಲ್ ಸೆಲ್ ಹಾಕಿದರೆ, ಹೊಸದಾಗಿ ಚಾರ್ಜ್ ಮಾಡಿದ ಸೆಲ್ಲನ್ನೂ ಅರ್ಧ ಖಾಲಿ ಅಂತ ತೋರಿಸುತ್ತೆ. ಸಾಧನ ಓಡುತ್ತೆ, ಮೀಟರ್ ಮಾತ್ರ ಸುಳ್ಳು ಹೇಳುತ್ತೆ. "ರೀಚಾರ್ಜಬಲ್ ಸೆಲ್ ಬಾಳಿಕೆ ಬರಲ್ಲ" ಅನ್ನೋ ದೂರುಗಳಲ್ಲಿ ಎಷ್ಟೋ ಈ ಒಂದು ಸೆಟ್ಟಿಂಗ್‌ಗೇ ಬಂದು ನಿಲ್ಲುತ್ತವೆ.

ಈಗ ಎಂಎಎಚ್, ಅಂದ್ರೆ ಮಿಲಿಆಂಪ್ ಅವರ್, ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ. ಎಎ ಗಾತ್ರದ ನಿಕೆಲ್ ಸೆಲ್ ಒಳಗೆ ಹಿಡಿಸೋದೇ ಹೆಚ್ಚೂಕಮ್ಮಿ 2700ರವರೆಗೆ. ಮೈಮೇಲೆ 3500, 4000 ಅಂತ ಅಚ್ಚು ಹಾಕಿದ ಸೆಲ್ ಕಂಡರೆ ಅದು ಬರೀ ಬಣ್ಣ. ಸುಳ್ಳು ಹಿಡಿಯೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಳ್ಳೆಯ 2000 ಎಂಎಎಚ್ ಸೆಲ್ ಸುಮಾರು 27 ಗ್ರಾಂ ತೂಗುತ್ತೆ, 2500ರದ್ದು 30ರ ಹತ್ತಿರ. "3500" ಅನ್ನೋ ಸೆಲ್ 18 ಗ್ರಾಂ ತೂಗಿದರೆ ಒಳಗೆ ಸರಕೇ ಇಲ್ಲ ಅಂತ ಅರ್ಥ.

ಇನ್ನೊಂದು ಲೆಕ್ಕ ತುಂಬಾ ಜನ ತಪ್ಪಿಸಿಕೊಳ್ತಾರೆ. ಎರಡು ಸೆಲ್ ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ ಕೂತಾಗ ಕೂಡೋದು ವೋಲ್ಟೇಜ್ ಮಾತ್ರ. 2000 ಮತ್ತು 2000 ಸೇರಿ 4000 ಆಗಲ್ಲ. 2.4 ವೋಲ್ಟ್, 2000 ಎಂಎಎಚ್, ಅಂದ್ರೆ 4.8 ವ್ಯಾಟ್ ಅವರ್. ಸಾಧನ 100 ಮಿಲಿಆಂಪ್ ಎಳೆದರೆ 20 ಗಂಟೆ, 200 ಎಳೆದರೆ 10 ಗಂಟೆ. ಕಂಪನಿ 25 ಗಂಟೆ ಅಂತ ಬರೆದಿರೋದು ಬ್ಯಾಕ್‌ಲೈಟ್ ಮಿತವಾಗಿ ಬಳಸಿದಾಗಿನ ಲೆಕ್ಕ. ಕಾರಲ್ಲಿ ಸೆಲ್ ಮೇಲೇ ಓಡಿಸ್ತಾ ಪರದೆ ದಿನವಿಡೀ ಬೆಳಗ್ತಾ ಇದ್ದರೆ ಆ ಅಂಕಿಯನ್ನ ಮರೆತುಬಿಡಿ.

ಹಾಗಾದ್ರೆ 2000 ತಗೋಬೇಕಾ, 2500 ತಗೋಬೇಕಾ? ಇದಕ್ಕೆ ನಮ್ಮ ಉತ್ತರ ಸ್ಪಷ್ಟ: 2000. ಹಳೇ ಮಾದರಿಯ ನಿಕೆಲ್ ಸೆಲ್ ತೂತು ಬಿದ್ದ ಕೊಡದ ಹಾಗೆ. ಬಳಸದೆ ಸುಮ್ಮನೆ ಇಟ್ಟರೂ ತಿಂಗಳಿಗೆ ಕಾಲುಭಾಗದಷ್ಟು ಸೋರಿಹೋಗುತ್ತೆ, ಬಿಸಿಲ ಜಾಗದಲ್ಲಿ ಇನ್ನೂ ಬೇಗ. 2005ರಲ್ಲಿ ಸಾನ್ಯೋ ಕಂಪನಿ ಎನೆಲೂಪ್ ತಂದಾಗ ಬದಲಾಗಿದ್ದು ಇದೇ. ಕಮ್ಮಿ ಸೋರೋ ಸೆಲ್. ಈಗ ಅದು ಪ್ಯಾನಸೋನಿಕ್ ಹೆಸರಲ್ಲಿ ಬರುತ್ತೆ. ಬಿಳಿ ಎನೆಲೂಪ್ ಕನಿಷ್ಠ 1900 ಎಂಎಎಚ್, ಕಂಪನಿ ಹೇಳೋ ಚಾರ್ಜ್ ಸುತ್ತು, ಅಂದ್ರೆ ಎಷ್ಟು ಸಲ ಚಾರ್ಜ್ ಮಾಡಬಹುದು ಅನ್ನೋ ಲೆಕ್ಕ, 2100. ಕಪ್ಪು ಎನೆಲೂಪ್ ಪ್ರೋ ಕನಿಷ್ಠ 2500, ಆದರೆ ಸುತ್ತು 500 ಮಾತ್ರ. ಹೆಚ್ಚು ಸರಕು ತುರುಕೋಕೆ ಒಳಗಿನ ಪದರಗಳನ್ನ ತೆಳು ಮಾಡಬೇಕಾಗುತ್ತೆ, ಬಾಳಿಕೆ ಅಲ್ಲೇ ಕಮ್ಮಿ ಆಗೋದು. ಗ್ಲವ್ ಬಾಕ್ಸ್‌ನಲ್ಲಿ ತಿಂಗಳುಗಟ್ಟಲೆ ಕೂತು, ಒಂದು ದಿನ ಥಟ್ಟನೆ ಬೇಕಾಗೋ ಸೆಲ್‌ಗೆ ಬಿಳಿಯದೇ ಸರಿ. ಜಿಪಿ ಕಂಪನಿಯ ರಿಸೈಕೋ ಸೆಲ್ ಕೂಡ ಇದೇ ಜಾತಿ. ಬೇರೆ ಹೆಸರಿನದು ಕೊಂಡರೆ ಪ್ಯಾಕಿನ ಮೇಲೆ "ರೆಡಿ ಟು ಯೂಸ್" ಇಲ್ಲಾ "ಪ್ರೀಚಾರ್ಜ್ಡ್" ಅಂತ ಇದೆಯಾ ನೋಡಿ. ಜೊತೆಗೆ ಐಎಸ್ 16046 ಅನ್ನೋ ಸುರಕ್ಷತಾ ಮಾನದಂಡದ ಗುರುತು ಇರಲಿ, ನಮ್ಮ ದೇಶದಲ್ಲಿ ಮಾರೋ ರೀಚಾರ್ಜಬಲ್ ಸೆಲ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ.

ಇಲ್ಲಿ ಒಂದು ಎಚ್ಚರಿಕೆ. 14500 ಅಂತ ಒಂದು ಲಿಥಿಯಂ ಅಯಾನ್ ಸೆಲ್ ಬರುತ್ತೆ, ನೋಡೋಕೆ ಥೇಟ್ ಎಎ. ಅದರದ್ದು 3.7 ವೋಲ್ಟ್, ತುಂಬಿದಾಗ 4.2. ಎರಡು ಹಾಕಿದರೆ 3 ವೋಲ್ಟ್ ಇರಬೇಕಾದ ಜಾಗಕ್ಕೆ 8.4 ವೋಲ್ಟ್ ನುಗ್ಗುತ್ತೆ. ಸಾಧನ ಸುಟ್ಟುಹೋಗಬಹುದು. 1.5 ವೋಲ್ಟ್ ಲಿಥಿಯಂ ರೀಚಾರ್ಜಬಲ್ ಅಂತ ಯುಎಸ್‌ಬಿ ತೂತು ಇರೋವು ಬೇರೆ. ಅದರೊಳಗೆ ವೋಲ್ಟೇಜ್ ಇಳಿಸೋ ಪುಟ್ಟ ಸರ್ಕ್ಯೂಟ್ ಇರುತ್ತೆ. ಹಾಕಬಹುದು, ಆದರೆ ಕೊನೇ ಗಳಿಗೆವರೆಗೂ 1.5 ತೋರಿಸಿ ಒಮ್ಮೆಗೇ ಕೈಕೊಡುತ್ತೆ. ಮೀಟರ್ ಫುಲ್ ಅನ್ನುತ್ತಲೇ ಪರದೆ ಕಪ್ಪಾಗುತ್ತೆ. ಗೊತ್ತಿಲ್ಲದ ಊರಿನ ಕವಲುದಾರೀಲಿ ಇದು ನಮಗೆ ಬೇಡದ ಗುಣ.

ಸೆಲ್‌ಗಿಂತ ಹೆಚ್ಚು ಯೋಚಿಸಬೇಕಾದ್ದು ಚಾರ್ಜರ್ ಬಗ್ಗೆ. ಅಗ್ಗದ ಚಾರ್ಜರ್ ಎರಡೆರಡು ಸೆಲ್ಲನ್ನ ಜೋಡಿಯಾಗಿ, ಬರೀ ಗಡಿಯಾರ ನೋಡಿಕೊಂಡು ಚಾರ್ಜ್ ಮಾಡುತ್ತೆ. ಒಂದು ಸೆಲ್ ಅರ್ಧ ಖಾಲಿ, ಇನ್ನೊಂದು ಪೂರ್ತಿ ಖಾಲಿ ಇದ್ದರೆ, ಮೊದಲನೇದು ತುಂಬಿ ಬಿಸಿಯಾಗ್ತಾ ಇರುತ್ತೆ, ಎರಡನೇದು ಇನ್ನೂ ತುಂಬ್ತಾ ಇರುತ್ತೆ. ಹೀಗೆ ಒಂದಷ್ಟು ಸಲ ಆದರೆ ಜೋಡಿ ಕೆಟ್ಟ ಹಾಗೇ. ಬೇಕಾದ್ದು ಪ್ರತಿ ಸೆಲ್ಲನ್ನೂ ಬೇರೆಯಾಗಿ ಗಮನಿಸೋ ಚಾರ್ಜರ್. ಸೆಲ್ ಕೂರಿಸೋ ನಾಲ್ಕು ಜಾಗಕ್ಕೆ ನಾಲ್ಕು ಬೇರೆ ದೀಪ ಇದ್ದರೆ ಅದು ಒಳ್ಳೆಯ ಸೂಚನೆ, ಒಂದೇ ಸೆಲ್ ಹಾಕಿದಾಗಲೂ ಕೆಲಸ ಮಾಡಿದರೆ ಇನ್ನೂ ಖಾತ್ರಿ. ಪ್ಯಾನಸೋನಿಕ್ ಬಿಕ್ಯೂ-ಸಿಸಿ17 ನಿಧಾನದ್ದು, ಸುಮಾರು 7 ಗಂಟೆ. ಬಿಕ್ಯೂ-ಸಿಸಿ55 ಎರಡು ಸೆಲ್ಲನ್ನ ಒಂದೂವರೆ ಗಂಟೇಲಿ, ನಾಲ್ಕನ್ನ 3 ಗಂಟೇಲಿ ಮುಗಿಸುತ್ತೆ.

ಕರೆಂಟ್ ನೀವೇ ಆರಿಸೋ ಚಾರ್ಜರ್ ಇದ್ದರೆ, 2000ದ ಸೆಲ್‌ಗೆ 1000 ಮಿಲಿಆಂಪ್ ಇಡಿ. ನಿಧಾನ ಮಾಡಿದಷ್ಟೂ ಸೆಲ್‌ಗೆ ಒಳ್ಳೇದು ಅನ್ನೋ ನಂಬಿಕೆ ಇಲ್ಲಿ ಪೂರ್ತಿ ನಿಜ ಅಲ್ಲ. ನಿಕೆಲ್ ಸೆಲ್ ತುಂಬಿದ ಕೂಡಲೇ ಅದರ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಕೆಳಗಿಳಿಯುತ್ತೆ, ಆ ಇಳಿತ ಕಂಡೇ ಚಾರ್ಜರ್ ನಿಲ್ಲಿಸೋದು. ಕರೆಂಟ್ 200ಕ್ಕೆ ಇಳಿಸಿದರೆ ಆ ಇಳಿತ ಎಷ್ಟು ಸಣ್ಣದಾಗುತ್ತೆ ಅಂದ್ರೆ ಚಾರ್ಜರ್ ಅದನ್ನ ಗಮನಿಸದೆ ತುಂಬ್ತಾನೇ ಹೋಗಬಹುದು.

ಇಟ್ರೆಕ್ಸ್‌ಗೆ ಯುಎಸ್‌ಬಿ ಚುಚ್ಚಿದರೆ ಒಳಗಿನ ಸೆಲ್ ಚಾರ್ಜ್ ಆಗಲ್ಲ, ನೆನಪಿರಲಿ. ಸಾಧನ ಹೊರಗಿನ ಕರೆಂಟ್ ಮೇಲೆ ಓಡುತ್ತೆ ಅಷ್ಟೆ. ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 64 ಸಾಲಿನ ಸಾಧನಗಳು ಒಳಗೇ ಚಾರ್ಜ್ ಮಾಡ್ತವೆ, ಅದೂ ಗಾರ್ಮಿನ್‌ನದೇ ನಿಕೆಲ್ ಪ್ಯಾಕ್ ಹಾಕಿದಾಗ ಮಾತ್ರ.

ಇನ್ನು ಜೋಡಿ. ಒಟ್ಟಿಗೆ ಕೊಂಡ ಎರಡನ್ನ ಒಟ್ಟಿಗೇ ಬಳಸಿ, ಮಾರ್ಕರ್‌ನಿಂದ ಎರಡಕ್ಕೂ ಒಂದೇ ಅಂಕಿ ಬರೆದಿಡಿ. ಹಳೇದು ಹೊಸದು ಬೆರೆಸಿದರೆ ದುರ್ಬಲವಾದ್ದು ಮೊದಲು ಖಾಲಿ ಆಗುತ್ತೆ, ಬಲವಾದ್ದು ಅದರ ಮೂಲಕ ಕರೆಂಟ್ ತಳ್ತಾನೇ ಇರುತ್ತೆ, ಆಗ ದುರ್ಬಲ ಸೆಲ್‌ನ ಧ್ರುವ ತಿರುಗುಮುರುಗಾಗಿ ಅದು ಶಾಶ್ವತವಾಗಿ ಹಾಳಾಗುತ್ತೆ.

ಚಾರ್ಜ್ ಇದ್ದರೂ ಬ್ಯಾಕ್‌ಲೈಟ್ ಹಾಕಿದ ತಕ್ಷಣ ಆಫ್ ಆಗುತ್ತಾ? ಸೆಲ್‌ಗೆ ವಯಸ್ಸಾಗಿ ಒಳಗಿನ ರೋಧ, ಅಂದ್ರೆ ಕರೆಂಟ್ ಹರಿಯೋಕೆ ಇರೋ ಅಡ್ಡಿ, ಏರಿದೆ. ಅಂಥದ್ದನ್ನ ಗೋಡೆ ಗಡಿಯಾರಕ್ಕೆ ಹಾಕಿ, ಅಲ್ಲಿ ಇನ್ನೂ ಕೆಲಸ ಮಾಡುತ್ತೆ. ಹಂಪ್ ಹಾರಿದಾಗಲೆಲ್ಲ ಆಫ್ ಆಗುತ್ತಾ? ಅದು ಸೆಲ್ ತಪ್ಪಲ್ಲ, ಸ್ಪ್ರಿಂಗ್ ಸಡಿಲ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್‌ನಿಂದ ಎರಡೂ ತುದಿಯ ಲೋಹ ಒರೆಸಿ, ಸ್ಪ್ರಿಂಗನ್ನ ಮೆಲ್ಲಗೆ ಒಂದು ಮಿಲಿಮೀಟರ್‌ನಷ್ಟು ಎಳೆದು ನಿಲ್ಲಿಸಿ. ಸಿಗರೇಟ್ ಪ್ಯಾಕಿನ ಬೇಗಡೆ ಮಡಚಿ ತುರುಕೋ ಉಪಾಯ ಬೇಡ. ಜಾರಿ ಶಾರ್ಟ್ ಆದರೆ ನಿಕೆಲ್ ಸೆಲ್ ಭಾರೀ ಕರೆಂಟ್ ಕೊಡುತ್ತೆ.

ಕಾರಲ್ಲಿ ಓಡ್ತಾ ಇರೋವಾಗ ಸಾಕೆಟ್‌ನಿಂದಲೇ ಕೊಡಿ, ಸೆಲ್ ನಡಿಗೆಗೆ ಉಳೀಲಿ. ಸಾಮಾನ್ಯ ಡೇಟಾ ಕೇಬಲ್ ಹಾಕಿದರೆ ಕೆಲವು ಸಾಧನ ಕಂಪ್ಯೂಟರ್‌ಗೆ ಸಿಕ್ಕಿಸಿದ್ದಾರೆ ಅಂದುಕೊಂಡು ನಕ್ಷೆಯನ್ನೇ ಮುಚ್ಚಿಬಿಡುತ್ತವೆ, ಅದಕ್ಕೆ ಕಾರಿನ ಕೇಬಲ್ಲೇ ಬೇಕು. ಪವರ್ ಬ್ಯಾಂಕ್‌ನಿಂದ ಕೊಡೋರು ಇನ್ನೊಂದು ನೋಡಿಕೊಳ್ಳಿ. ಇಟ್ರೆಕ್ಸ್ ಎಳೆಯೋ ಕರೆಂಟ್ ತೀರಾ ಕಮ್ಮಿ, ಫೋನ್ ಚಾರ್ಜ್ ಮುಗೀತು ಅಂತ ತಿಳಿದು ಎಷ್ಟೋ ಪವರ್ ಬ್ಯಾಂಕ್ ತಾನಾಗೇ ಆಫ್ ಆಗುತ್ತೆ. ಲೋ ಕರೆಂಟ್ ಮೋಡ್ ಇರೋದನ್ನ ಆರಿಸಿ.

ಒಳಗೇ ಬ್ಯಾಟರಿ ಮುಚ್ಚಿಟ್ಟ ಗಾರ್ಮಿನ್ ಡ್ರೈವ್, ಟಾಮ್‌ಟಾಮ್ ಥರದವರಿಗೆ ಆಯ್ಕೆ ಕಮ್ಮಿ. ಅದರ ಲಿಥಿಯಂ ಬ್ಯಾಟರಿ ಹೆಚ್ಚಂದ್ರೆ ಒಂದೆರಡು ಗಂಟೆಗೆ, ಗಾಡಿ ಆಫ್ ಮಾಡಿ ಆನ್ ಮಾಡೋ ನಡುವೆ ಸಾಧನ ಎಚ್ಚರ ಇರಲಿ ಅಂತ. ಬದಲಿಸೋದಾದ್ರೆ ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಹೊಂದಿಸಿ. ಮೂರು ತಂತಿ ಇದ್ದರೆ ಸಾಮಾನ್ಯವಾಗಿ ಮೂರನೇದು ತಾಪ ಅಳೆಯೋಕೆ, ಅದು ಹೊಂದದಿದ್ದರೆ ಸಾಧನ ಚಾರ್ಜ್ ಮಾಡೋಕೇ ಒಪ್ಪಲ್ಲ. ಲಿಥಿಯಂ 45 ಡಿಗ್ರಿ ಮೇಲೆ ಚಾರ್ಜ್ ಆಗಬಾರದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ದಾಟೋದೂ ಉಂಟು. ಇಳಿದಾಗ ಬಿಚ್ಚಿ ಸೀಟಿನ ಕೆಳಗೆ ನೆರಳಲ್ಲಿಡಿ. ಪರದೆಯ ಅಂಚು ಉಬ್ಬಿ ಬಿರುಕು ಬಿಟ್ಟ ಹಾಗೆ ಕಂಡರೆ ಬ್ಯಾಟರಿ ಊದಿದೆ ಅಂತ ಅರ್ಥ, ಒತ್ತಿ ಕೂರಿಸೋಕೆ ಹೋಗದೆ, ಚಾರ್ಜ್ ಹಾಕದೆ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಟ್ಟುಬಿಡಿ.